ಶೀತಕ್ಕೆ ಆ್ಯಂಟಿಬಯೋಟಿಕ್ ಯಾವಾಗ ಬೇಕು?

ಮಳೆ ಹಿಡಿದು ಶಾಲೆ ಆರಂಭವಾಯಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮೆಡಿಕಲ್‌ಗಳಲ್ಲಿ ನಿತ್ಯ ಕೇಳಿಬರುವ ಮಾತೊಂದಿದೆ: "ಕಫ ಹಳದಿಯಾಗಿದೆ, ಸ್ವಲ್ಪ ಸ್ಟ್ರಾಂಗ್ ಗುಳಿಗೆ ಕೊಡಿ." ಕಫದ ಬಣ್ಣಕ್ಕೆ ಅಷ್ಟೊಂದು ಬೆಲೆ ಕೊಡಬೇಕಾಗಿಲ್ಲ. ಸೋಂಕನ್ನು ಎದುರಿಸಲು ಬಂದು ಸೇರುವ ಬಿಳಿ ರಕ್ತಕಣಗಳಲ್ಲಿ ಹಸಿರು ಛಾಯೆಯ ಕಿಣ್ವವೊಂದಿರುವುದರಿಂದ, ಬರೀ ವೈರಸ್‌ನಿಂದ ಬಂದ ಶೀತದಲ್ಲೂ ಕೆಲವು ದಿನ ಕಳೆದಾಗ ಸಿಂಬಳ ಹಳದಿಗೋ ಹಸಿರಿಗೋ ತಿರುಗುತ್ತದೆ.

ಸಾಮಾನ್ಯ ಶೀತವನ್ನು ತರುವುದು ರೈನೋವೈರಸ್‌ನಂತಹ ವೈರಸ್‌ಗಳು. ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ಅಡಿಕೆಯ ಕೊಳೆರೋಗಕ್ಕೆಂದು ಇರುವ ಬೋರ್ಡೋ ದ್ರಾವಣವನ್ನು ಅದರ ಹಳದಿರೋಗಕ್ಕೆ ಸಿಂಪಡಿಸಿ ಫಲ ಕಾಯುವ ಅಡಿಕೆ ಕೃಷಿಕ ನಮ್ಮಲ್ಲಿ ಸಿಗಲಾರ. ಆದರೂ ಗುಳಿಗೆಯ ಮೇಲಿನ ನಂಬಿಕೆ ಕದಲದಿರುವುದಕ್ಕೆ ಕಾರಣವಿದೆ. ಶೀತದ ಬಾಧೆ ಎರಡನೆಯ, ಮೂರನೆಯ ದಿನ ಜೋರಾಗಿ, ಬಳಿಕ ತಾನಾಗಿಯೇ ಇಳಿಯತೊಡಗುತ್ತದೆ. ನಾವು ತಾಳ್ಮೆಗೆಟ್ಟು ಅಜಿತ್ರೊಮೈಸಿನ್‌ನಂತಹ ಆ್ಯಂಟಿಬಯೋಟಿಕ್ ನುಂಗುವುದೂ ಸರಿಯಾಗಿ ಅದೇ ಹೊತ್ತಿಗೆ. ಗುಣವಾದ ಕೀರ್ತಿ ಗುಳಿಗೆಗೆ ಸಲ್ಲುತ್ತದೆ, ಹೊಟ್ಟೆ ಕೆಟ್ಟರೆ ಮಾತ್ರ ಬೈಗುಳ ನಿನ್ನೆಯ ಊಟಕ್ಕೆ!

ಬಣ್ಣಕ್ಕಿಂತ ದಿನಗಳನ್ನು ಗಮನಿಸುವುದು ಮೇಲು. ಮೂಗು ಕಟ್ಟುವುದು, ಮುಖದ ನೋವು 10 ದಿನ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಅಥವಾ ಐದಾರು ದಿನಗಳಲ್ಲಿ ಇಳಿದಂತೆ ಕಂಡು ಬಳಿಕ ಜ್ವರ, ತಲೆನೋವಿನೊಂದಿಗೆ ಮರುಕಳಿಸಿದರೆ, ಮೂಗಿನ ಸುತ್ತಲಿನ ಎಲುಬಿನ ಪೊಳ್ಳುಗಳಾದ ಸೈನಸ್‌ಗೆ ಬ್ಯಾಕ್ಟೀರಿಯಾ ತಗಲಿರುವ ಸಾಧ್ಯತೆಯಿದೆ. ಆಗ ವೈದ್ಯರು ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ ಅದಕ್ಕೆ ಅರ್ಥವಿದೆ. ಕೆಮ್ಮು ಮೂರು ವಾರ ಎಳೆಯುವುದು ಮಾತ್ರ ಅಪರೂಪವಲ್ಲ. ಶಾಲೆಯ ಮಕ್ಕಳಲ್ಲಿ ಕೆಮ್ಮು, ಸಿಂಬಳ ಇಲ್ಲದೆ ಜ್ವರ, ಗಂಟಲುನೋವು, ಕುತ್ತಿಗೆಯ ಗ್ರಂಥಿಗಳ ಊತ ಕಾಣಿಸಿದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿದೆಯೇ ಎಂದು ಪರೀಕ್ಷಿಸಬೇಕು. ಅದನ್ನು ಕಡೆಗಣಿಸಿದರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಕೆಡಬಹುದಾದ್ದರಿಂದ, ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಅನ್ನು ಸಾಮಾನ್ಯವಾಗಿ 10 ದಿನ ಪೂರ್ತಿ ಕೊಡುತ್ತಾರೆ.

ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರಲ್ಲಿ ಆಪರೇಷನ್ ಅಮೃತ್ ಎಂಬ ತಪಾಸಣೆ ಆರಂಭವಾಯಿತು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಸಿಗುತ್ತದೆ ಎನ್ನುವವರು, ಚೀಟಿ ಬೇಕೆಂಬ ನಿಯಮ ಇಡೀ ದೇಶದ್ದೆಂಬುದನ್ನು ಮರೆಯುತ್ತಾರೆ. ಕಳೆದ ವರ್ಷದ ಅರ್ಧ ಸ್ಟ್ರಿಪ್ ಕಪಾಟಿನಲ್ಲಿ ಉಳಿದಿರುವ ಮನೆಗಳದು ಇನ್ನೊಂದು ಕತೆ.

ಉಸಿರಾಟ ವೇಗವಾದರೆ, ಎದೆ ನೋವು ಬಂದರೆ, ಜ್ವರವಿರುವ ವೃದ್ಧರಿಗೆ ಮಾತು ತೊದಲಿ ಮಂಕು ಕವಿದರೆ, 10 ದಿನ ಕಾಯುವ ಈ ಲೆಕ್ಕ ಅನ್ವಯಿಸುವುದಿಲ್ಲ; ಅದು ನ್ಯುಮೋನಿಯಾ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.