ಬ್ಯಾಬಿಲೋನ್ ಬರ್ಲಿನ್ ನೋಟ್‌ಬುಕ್: ಮೇ 1929ರ ಪುಟಗಳು ಮುಗಿದವು

ನಾವು ಕೆಲವು ಗೆಳೆಯರು ಶನಿವಾರ ರಾತ್ರಿ ಸೇರಿ ನೋಡುತ್ತಿರುವ, 1929ರ ಬರ್ಲಿನ್ ಪೊಲೀಸರ ಕಥೆಯ ಜರ್ಮನ್ ಸೀರೀಸ್ ‘ಬ್ಯಾಬಿಲೋನ್ ಬರ್ಲಿನ್’ನ ಎರಡನೇ ಸೀಸನ್ ಮುಗಿಯಿತು. ಜೊತೆಗೆ ನನ್ನ ನೋಟ್‌ಬುಕ್ ಕೂಡ ಬೆಳೆಯುತ್ತಿದೆ. ಎಡಗಡೆ ಪುಟದಲ್ಲಿ ತೆರೆಯ ಮೇಲೆ ಕಂಡದ್ದು, ಬಲಗಡೆ ನಿಜವಾಗಿ ನಡೆದದ್ದು. ಗಲಾಟೆ ಜಾಸ್ತಿ ಆಗುವುದು ಬಲಗಡೆ ಪುಟದ ಬಗ್ಗೆಯೇ.

ಸೀರೀಸ್‌ನಲ್ಲಿ ಬರುವ ಚಿನ್ನದ ರೈಲು ಕಥೆಗಾರರ ಕಲ್ಪನೆ, ಅದಕ್ಕೆ ಒಂದೇ ಸಾಲು ಸಾಕಾಯಿತು. ಆದರೆ ಬರ್ಲಿನ್ ಪೊಲೀಸರ ಕೊಲೆ ವಿಭಾಗದ ಮುಖ್ಯಸ್ಥ ಗೆನ್ನಾಟ್ ನಿಜವಾಗಿಯೂ ಇದ್ದವರು. ಕೊಲೆ ತನಿಖೆಗೆಂದೇ ಸಜ್ಜುಗೊಳಿಸಿದ ಅವರ ಕಾರೂ ನಿಜ. ರಷ್ಯಾದ ಲಿಪೆಟ್ಸ್ಕ್ ಮೇಲೆ ಹಾರಿ ಫೋಟೋ ತೆಗೆಯುವ ದೃಶ್ಯ ನೋಡಿ, "ಇದು ಸುಮ್ನೆ ಬಿಡೋದು" ಎಂದ ಒಬ್ಬ ಗೆಳೆಯ. ವಿಮಾನಯಾನ ಕಟ್ಟುಕಥೆ, ಆದರೆ ಲಿಪೆಟ್ಸ್ಕ್‌ನ ಗುಟ್ಟು ನಿಜ. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಆದ ವೆರ್ಸೇಲ್ಸ್ ಒಪ್ಪಂದದ ಪ್ರಕಾರ ಜರ್ಮನಿಗೆ ಒಂದು ಲಕ್ಷ ಸೈನಿಕರು ಮಾತ್ರ, ವಾಯುಪಡೆಯೇ ಇಲ್ಲ. ಹಾಗಾಗಿ 1925ರಿಂದ 1933ರವರೆಗೆ ಅವರ ಪೈಲಟ್‌ಗಳು ಸೋವಿಯತ್ ನೆಲದಲ್ಲಿ ಗುಟ್ಟಾಗಿ ತರಬೇತಿ ಪಡೆದರು. ಸೋವಿಯತ್ ಸರ್ಕಾರಕ್ಕೆ ಜರ್ಮನ್ ತಂತ್ರಜ್ಞಾನ ಬೇಕಿತ್ತು. ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಯುರೋಪಿನ ಹೆಚ್ಚಿನವರು ಎರಡೂ ದೇಶಗಳನ್ನು ದೂರವೇ ಇಟ್ಟಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇ ಒಂದರ ಗೋಲಿಬಾರ್. ತೆರೆಯ ಮೇಲೆ ಬಾಲ್ಕನಿಯಲ್ಲಿ ನಿಂತ ಇಬ್ಬರು ಹೆಂಗಸರಿಗೆ ಗುಂಡು ಬೀಳುತ್ತದೆ. "ಇಷ್ಟೊಂದು ಇರಲಿಕ್ಕಿಲ್ಲ, ಅಲ್ವಾ?" ಎಂದು ಅಕ್ಕ ಕೇಳಿದಳು. ಇದ್ದದ್ದು ಇನ್ನೂ ಕೆಟ್ಟದಾಗಿತ್ತು. ಬರ್ಲಿನ್ ಪೊಲೀಸ್ ಮುಖ್ಯಸ್ಥ ತ್ಸೋರ್ಗೀಬೆಲ್ ಬೀದಿ ಮೆರವಣಿಗೆಗಳ ಮೇಲಿನ ನಿಷೇಧವನ್ನು ಕಾರ್ಮಿಕರ ದಿನಕ್ಕೂ ತೆಗೆಯಲಿಲ್ಲ. ಕಮ್ಯುನಿಸ್ಟರು ಹೇಗಿದ್ದರೂ ಬೀದಿಗಿಳಿದರು. ವೆಡಿಂಗ್, ನಾಯ್‌ಕೋಲ್ನ್ ಬಡಾವಣೆಗಳಲ್ಲಿ ಮೂರು ದಿನ ಪೊಲೀಸರು ಸುಮಾರು 11,000 ಗುಂಡು ಹಾರಿಸಿದರು. 30ಕ್ಕೂ ಹೆಚ್ಚು ಜನ ಸತ್ತರು. ಗುಂಡೇಟಿಗೆ ಸತ್ತ ಪೊಲೀಸ್ ಒಬ್ಬನೂ ಇಲ್ಲ.

ಮೊದಲು ಸತ್ತವನ ಬಗ್ಗೆ ಒಂದು ಪುಟವನ್ನೇ ಮೀಸಲಿಟ್ಟಿದ್ದೇನೆ. ವೆಡಿಂಗ್‌ನ ಕೋಸ್ಲಿನರ್ ಬೀದಿಯಲ್ಲಿ ತನ್ನ ಮನೆಯ ಕಿಟಕಿಯ ಹತ್ತಿರ ನಿಂತಿದ್ದ ಮನುಷ್ಯ. ಪೊಲೀಸರು ಕಿಟಕಿ ಮುಚ್ಚು ಎಂದರು, ಅವನು ಮುಚ್ಚಲಿಲ್ಲ, ಗುಂಡು ಹೊಡೆದರು. ಅವನು ಕಮ್ಯುನಿಸ್ಟ್ ಅಲ್ಲ, ಚುನಾವಣೆಯ ದಾರಿ ನಂಬಿದ ಸಮಾಜವಾದಿಗಳ ಸೋಶಿಯಲ್ ಡೆಮಾಕ್ರಟ್ ಪಕ್ಷದವನು. ತ್ಸೋರ್ಗೀಬೆಲ್ ಕೂಡ ಅದೇ ಪಕ್ಷದವರು!

ಇಲ್ಲಿಂದ ನಮ್ಮ ದೊಡ್ಡ ಜಗಳ ಶುರುವಾಯಿತು. ಸೇನಾಧಿಕಾರಿಗಳ ಸಂಚೇ ವೈಮಾರ್ ಗಣರಾಜ್ಯವನ್ನು, ಅಂದರೆ ನಾಜಿಗಳಿಗೂ ಮೊದಲಿನ ಜರ್ಮನಿಯ ಪ್ರಜಾಪ್ರಭುತ್ವವನ್ನು, ಮುಗಿಸಿತು ಎಂದು ಇಬ್ಬರು ಹಟ ಹಿಡಿದರು. ಸೀರೀಸ್ ನೋಡಿದರೆ ಹಾಗೇ ಅನಿಸುತ್ತದೆ. ಸಂಚುಗಳು ಇದ್ದವು, ಒಪ್ಪುತ್ತೇನೆ. ಆದರೆ ಹಗಲಲ್ಲಿ, ಎಲ್ಲರ ಕಣ್ಣೆದುರು ಎರಡು ಎಡಪಕ್ಷಗಳ ನಡುವೆ ಆದ ಈ ಒಡಕಿನ ಗಾಯ ಅದಕ್ಕಿಂತ ಆಳ ಎಂಬುದು ನನ್ನ ವಾದ. ಸೋಶಿಯಲ್ ಡೆಮಾಕ್ರಟರೂ ಫ್ಯಾಸಿಸ್ಟರೇ ಎಂದು ಕಮ್ಯುನಿಸ್ಟರು ಮೊದಲಿನಿಂದಲೇ ಹೇಳುತ್ತಿದ್ದರು. ಮೇ ತಿಂಗಳ ಆ ಹೆಣಗಳ ಮುಂದೆ ವೆಡಿಂಗ್‌ನ ಜನರಿಗೆ ಅದನ್ನು ನಂಬಿಸುವುದು ಕಷ್ಟವಾಗಲಿಲ್ಲ. 1930ರ ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳು 12 ಸೀಟಿನಿಂದ 107ಕ್ಕೆ ಏರಿದರು. ಸೋಶಿಯಲ್ ಡೆಮಾಕ್ರಟರಿಗೆ 143, ಕಮ್ಯುನಿಸ್ಟರಿಗೆ 77. ಕೂಡಿಸಿ ನೋಡಿ. ಆದರೆ ಕೂಡುವವರು ಯಾರು? ಈ ಲೆಕ್ಕ ಬರೆದು ತೋರಿಸಿದ ಮೇಲೆ ಒಬ್ಬ ಅರ್ಧ ಒಪ್ಪಿದ, ಇನ್ನೊಬ್ಬ ಇನ್ನೂ ಇಲ್ಲ.

ನೋಟ್‌ಬುಕ್‌ನ ಅಂಚಿನಲ್ಲಿ ನಮ್ಮ ಕಡೆಯವರೊಬ್ಬರಿಗೂ ಜಾಗ ಸಿಕ್ಕಿತು. ಅದೇ 1929ರ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆಯಿತು. ಭಾರತದಿಂದ ಹೋದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಅವರ ಗಂಡನ ಅಣ್ಣ, ಕ್ರಾಂತಿಕಾರಿ ವೀರೇಂದ್ರನಾಥ ಚಟ್ಟೋಪಾಧ್ಯಾಯ ಆಗ ಬರ್ಲಿನ್‌ನಲ್ಲೇ ಇದ್ದುಕೊಂಡು ಸಾಮ್ರಾಜ್ಯಶಾಹಿ ವಿರೋಧಿ ಒಕ್ಕೂಟದ ಕೆಲಸ ಮಾಡುತ್ತಿದ್ದರು. ಗೋಲಿಬಾರ್ ಆಗಿ ಎರಡು ತಿಂಗಳೂ ಆಗಿರಲಿಲ್ಲ. ಇದನ್ನು ಓದಿ ಹೇಳಿದಾಗ ಎಲ್ಲರೂ ಮೊಬೈಲ್ ಕೆಳಗಿಟ್ಟು ಕೇಳಿದರು.

ಮೂರನೇ ಸೀಸನ್ ತೆರೆದುಕೊಳ್ಳುವುದು 1929ರ ಅಕ್ಟೋಬರ್‌ನ ಷೇರುಪೇಟೆ ಕುಸಿತದಿಂದ. ನ್ಯೂಯಾರ್ಕ್ ಕುಸಿದರೆ ಬರ್ಲಿನ್‌ನಲ್ಲಿ ಯಾಕೆ ಕೆಲಸ ಹೋಗಬೇಕು ಎಂಬ ಪ್ರಶ್ನೆ ಈಗಲೇ ಬಂದಿದೆ. ಅದಕ್ಕೆ 1924ರ ನಂತರ ಜರ್ಮನಿಗೆ ಹರಿದುಬಂದ ಅಮೆರಿಕದ ಸಾಲದ ಪುಟ ಮೊದಲು ಬರೆಯಬೇಕು. ಶನಿವಾರದೊಳಗೆ ಅದು ಆಗಲೇಬೇಕು.