ಹಾಲ್ ಟಿಕೆಟ್ ಮೇಲೆ ಯಾವ ವಚನ ಬರೆಯಬೇಕು?

"ಟೀಚರ್, ಹುಡುಗನ ಪರೀಕ್ಷಾ ಬಂತ್ರೀ. ಜ್ಞಾನಕ್ಕ ಬೈಬಲ್‌ನ ಯಾವ ವಚನ ಓದಸಬೇಕ್ರೀ?"

ಹತ್ತೊಂಬತ್ತು ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಫೆಬ್ರವರಿ ಬಂತೆಂದರೆ ಈ ಪ್ರಶ್ನೆ ಶುರು. ಆರಾಧನೆ ಮುಗಿಸಿ ಚಪ್ಪಲಿ ಹುಡುಕುವಾಗ ಕೇಳುತ್ತಾರೆ, ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗ ಕೇಳುತ್ತಾರೆ, ರಾತ್ರಿ ಹತ್ತಕ್ಕೆ ಹಾಲ್ ಟಿಕೆಟ್ಟಿನ ಫೋಟೊ ವಾಟ್ಸಾಪ್ ಮಾಡಿ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನೀವು ಕಾಯುತ್ತಿರುವ ಉತ್ತರ ಬೈಬಲ್ಲಿನಲ್ಲಿ ಯಾಕೋಬ ಬರೆದ ಪತ್ರದ, ಅಂದರೆ ಯಾಕೋಬನ ಪತ್ರಿಕೆಯ, ಒಂದನೆಯ ಅಧ್ಯಾಯದ ಐದನೆಯ ವಚನ. ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಲಿ, ಆತನು ಹಂಗಿಸದೆ ಎಲ್ಲರಿಗೂ ಧಾರಾಳವಾಗಿ ಕೊಡುತ್ತಾನೆ ಎಂಬ ಮಾತು. ಅದು ನಿಮಗೆ ಮೊದಲೇ ಗೊತ್ತು. ಮಗನ ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದೂ ಆಗಿದೆ. ಅದರ ಹಿಂದಿನ ಮೂರು ವಚನ ಓದಿದ್ದೀರಾ? ಕಷ್ಟದ ಮೇಲೆ ಕಷ್ಟ ಬಿದ್ದಾಗ ತಾಳಿಕೊಳ್ಳುವುದು ಹೇಗೆ ಎಂಬ ಮಾತು ಅಲ್ಲಿ ನಡೆದಿದೆ. ಅದರ ನಡುವೆ ಯಾಕೋಬ 'ಜ್ಞಾನ ಕೇಳಿಕೊಳ್ಳಿ' ಅನ್ನುತ್ತಾನೆ. ಅಂದರೆ ಆ ವಚನ ಹೆಚ್ಚು ಬೇಕಾಗುವುದು ರಿಸಲ್ಟಿನ ದಿನ. ಆ ದಿನ ಮಾತ್ರ ಯಾರೂ ನನಗೆ ಫೋನ್ ಮಾಡುವುದಿಲ್ಲ.

ನಮ್ಮ 'ಜ್ಞಾನ' ಎಂಬ ಶಬ್ದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಸಾಮಾನ್ಯ ಜ್ಞಾನ, ವಿಜ್ಞಾನ ಅಂತ ಕೇಳಿ ಕೇಳಿ, ಜ್ಞಾನ ಎಂದೊಡನೆ ನಾವು ತಲೆ ಮುಟ್ಟಿಕೊಳ್ಳುತ್ತೇವೆ. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಇದಕ್ಕಿರುವ ಹೀಬ್ರೂ ಶಬ್ದ ಹೊಖ್ಮಾ. ಅದು ಕೈಯಲ್ಲೂ ಇರುತ್ತದೆ. ವಿಮೋಚನಕಾಂಡದ 31ನೆಯ ಅಧ್ಯಾಯ ತೆಗೆಯಿರಿ. ಇಸ್ರಾಯೇಲ್ಯರು ಆರಾಧನೆ ಮಾಡುವ ದೇವದರ್ಶನದ ಗುಡಾರ ಕಟ್ಟಲು ದೇವರು ಬೆಚಲೇಲನೆಂಬವನನ್ನು ಹೆಸರಿಟ್ಟು ಕರೆದು ತನ್ನ ಆತ್ಮವನ್ನೂ ಜ್ಞಾನವನ್ನೂ ತುಂಬುತ್ತಾನೆ. ಯಾಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರ ಕೊರೆಯುವುದಕ್ಕೆ. 35ನೆಯ ಅಧ್ಯಾಯದಲ್ಲಿ ನೂಲು ನೂತು ತಂದ ಹೆಂಗಸರಿದ್ದಾರೆ. ಹೀಬ್ರೂ ಮೂಲ ಅವರನ್ನು 'ಹೃದಯದಲ್ಲಿ ಜ್ಞಾನವುಳ್ಳವರು' ಎಂದು ಕರೆಯುತ್ತದೆ. ನೂಲುವ ಹೆಂಗಸರನ್ನು! ಬೆಟಗೇರಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವಳು ನಾನು. ಆ ಸಾಲು ಓದಿದಾಗಲೆಲ್ಲ ನನಗೆ ಆಯಿಯ ನೆನಪಾಗುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಓಣಿಯ ಹುಡುಗನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದ. ಅವನ ಹಾಲ್ ಟಿಕೆಟ್ಟಿನ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿದ್ದೆವು. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಅವನ ಎದುರಿಗೇ, ಸಭೆಯ ಹಿರಿಯರೊಬ್ಬರು ಅವನ ತಾಯಿಗೆ ಹೇಳಿದರು: "ನಂಬಿಕಿ ಸಾಲಲಿಲ್ಲ ನೋಡವ್ವ. ಸಂಶಯಪಟ್ಟು ಕೇಳಿದವ ಸಮುದ್ರದ ತೆರಿ ಇದ್ದಂಗ ಅಂತ ಬರದೈತಿ." ಬರೆದಿರುವುದು ನಿಜ, ಆರನೆಯ ವಚನದಲ್ಲಿ. ಐದನೆಯದನ್ನು ಹಾಲ್ ಟಿಕೆಟ್ಟಿಗೆ ಹಚ್ಚಿದವರು ಆರನೆಯದನ್ನು ಹುಡುಗನ ಹಣೆಗೆ ಹಚ್ಚಿದರು. ಹುಡುಗ ತಲೆ ಎತ್ತಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಹಾಜರಿ ಪುಸ್ತಕ ಇತ್ತು. ಬಾಯಿ ತೆಗೆಯಲಿಲ್ಲ.

ಆ ಮಧ್ಯಾಹ್ನ ಹುಡುಗ ನಮ್ಮ ಮನೆಯ ಹಿಂದಿನ ಮಗ್ಗದ ಕೋಣೆಯಲ್ಲಿ ಬಂದು ಕೂತ. ಆಯಿಗೆ ಆಗ ಎಂಬತ್ತು ದಾಟಿತ್ತು, ಕಣ್ಣು ಮಂಜು. ಆದರೂ ಹಾಸಿನ ಎಳೆ ಕೂಡಿಸುವ ಕೆಲಸ ಅವಳದೇ. ಹೆಬ್ಬೆರಳು, ತೋರುಬೆರಳು ಬೂದಿಗೆ ಅದ್ದುವುದು, ಹಳೆಯ ಎಳೆಯ ತುದಿಗೆ ಹೊಸದರ ತುದಿ ತಾಗಿಸುವುದು, ಒಂದು ಹೊಸೆತ, ಆಯಿತು. "ಬಾ, ಈ ಎಳಿ ಹಿಡಿ" ಅಂದಳು. ಅವನು ಹಿಡಿದ. ಸುಮಾರು ಎರಡು ತಾಸು ಹಾಗೇ ನಡೆಯಿತು. ಒಂದು ವಚನ ಹೇಳಲಿಲ್ಲ, ಬುದ್ಧಿಮಾತು ಹೇಳಲಿಲ್ಲ. ಹೊತ್ತು ಇಳಿದ ಮೇಲೆ "ಉಂಡಿಯೇನು?" ಅಂತ ಕೇಳಿದಳು. ರೊಟ್ಟಿ ಮುರಿಯುವಾಗ, "ಯಾವ ಲೆಕ್ಕ ಬರಲಿಲ್ಲೋ?" ಅಂದಳು. ಆಗ ಹುಡುಗ ಅತ್ತ, ಆಮೇಲೆ ಮಾತಾಡಿದ.

ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತರು ಎಂದು ಬರೆದಿದೆ. ಅಲ್ಲಿಯವರೆಗೆ ಅವರು ಜ್ಞಾನಿಗಳೇ. ಬಾಯಿ ಬಿಟ್ಟ ಮೇಲೆ ಕೆಟ್ಟರು. ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾಗುತ್ತಾನೆ.

ಹಾಗಂತ ಸುಮ್ಮನಿರುವುದೇ ಜ್ಞಾನ ಎಂದೂ ಹೇಳಲಾರೆ. ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿ ನಾಲ್ಕನೆಯ ವಚನ ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಅನ್ನುತ್ತದೆ. ಐದನೆಯದು, ಕೊಡು ಅನ್ನುತ್ತದೆ. ಒಂದರ ಕೆಳಗೆ ಒಂದು! ಮಕ್ಕಳು ಪ್ರತಿ ವರ್ಷ ಇದನ್ನು ತೋರಿಸಿ "ಟೀಚರ್, ತಪ್ಪು ಪ್ರಿಂಟಾಗೈತಿ" ಅನ್ನುತ್ತಾರೆ. ತಪ್ಪಿಲ್ಲ. ಎರಡೂ ಬೇಕು, ಯಾವುದು ಯಾವಾಗ ಎಂದು ಪುಸ್ತಕ ಹೇಳುವುದಿಲ್ಲ. ಆ ಭಾನುವಾರ ಮೆಟ್ಟಿಲ ಮೇಲೆ ನಾನು ನಾಲ್ಕನೆಯದನ್ನು ಹಿಡಿದುಕೊಂಡೆ. ಆ ಹೊತ್ತಿಗೆ ಬೇಕಾಗಿದ್ದದ್ದು ಐದನೆಯದು. ಆಯಿಯ ಮೌನಕ್ಕೂ ನನ್ನ ಮೌನಕ್ಕೂ ಇರುವ ಅಂತರ ನನಗೆ ಚೆನ್ನಾಗಿ ಗೊತ್ತು. ಇಂದಿಗೂ ಚುಚ್ಚುತ್ತದೆ.

ನೀವು ನನ್ನನ್ನು ಕೇಳಬೇಕಾದದ್ದು ಇದನ್ನು: "ಟೀಚರ್, ಇವತ್ತು ಮಾತಾಡಲ್ಯೋ, ಸುಮ್ಮನಿರಲ್ಯೋ?" ಈ ಪ್ರಶ್ನೆಗೆ ನಾನು ನಿಮ್ಮ ಜೊತೆ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ. ಇಸ್ರಾಯೇಲಿನ ಅರಸ ಸೊಲೊಮೋನ ಗಿಬ್ಯೋನ್ ಎಂಬ ಊರಿನಲ್ಲಿ ದೇವರನ್ನು ಬೇಡಿದ್ದೂ ಇದನ್ನೇ. ಹೀಬ್ರೂವಿನಲ್ಲಿ ಅದು 'ಕೇಳುವ ಹೃದಯ'. ಮುಂದೆ ಒಂದೇ ಕೂಸಿಗಾಗಿ ಇಬ್ಬರು ವೇಶ್ಯೆಯರು ಜಗಳಾಡುತ್ತ ಅವನ ಬಳಿ ಬಂದ ಕಥೆಯಲ್ಲಿ, ಕೂಸನ್ನು ಎರಡು ತುಂಡು ಮಾಡಿ ಹಂಚಿರಿ ಎಂದು ಅವನು ತರಿಸಿದ ಕತ್ತಿ ಎಲ್ಲರಿಗೂ ನೆನಪಿರುತ್ತದೆ. ಕತ್ತಿ ತರಿಸುವ ಮೊದಲು ಅರಸ, 'ಇವಳು ಹೀಗನ್ನುತ್ತಾಳೆ, ಅವಳು ಹಾಗನ್ನುತ್ತಾಳೆ' ಎಂದು ಇಬ್ಬರ ಮಾತನ್ನೂ ತಿರುಗಿ ಹೇಳುತ್ತಾನೆ. ಊರಲ್ಲಿ ಯಾರೂ ಕಿವಿಗೊಡದ ಹೆಂಗಸರ ಮಾತನ್ನು ಅಷ್ಟು ಪೂರ್ತಿ ಕೇಳಿದ್ದ. ಅದೇ ಸೊಲೊಮೋನ ಮುಂದೆ 700 ರಾಣಿಯರು, 300 ಉಪಪತ್ನಿಯರ ನಡುವೆ ದೇವರ ಮಾತನ್ನೇ ಕೇಳದೆ ಹೋದ. ಒಮ್ಮೆ ಕೊಟ್ಟ ಜ್ಞಾನ ಸಾಯುವ ತನಕ ಬಾಳಿಕೆ ಬರುತ್ತದೆ ಎಂದು ಯಾರೂ ತಿಳಿಯಬೇಡಿ. ಯಾಕೋಬ ಕೇಳಿಕೊಳ್ಳಿ ಅಂದದ್ದು ದಿನಾ ಕೇಳಿಕೊಳ್ಳಿ ಅಂತಲೇ ಇರಬೇಕು ಅಂತ ನನ್ನ ನಂಬಿಕೆ.

ಆ ಹುಡುಗ ಮುಂದೆ ಪಾಸಾದನೋ ಇಲ್ಲವೋ ಎಂದು ನೀವು ಕೇಳುತ್ತೀರಿ, ಗೊತ್ತು. ಹೇಳುವುದಿಲ್ಲ.

ಹಾಲ್ ಟಿಕೆಟ್ ತನ್ನಿ, ಬೇಡ ಅನ್ನುವುದಿಲ್ಲ, ಮನಸ್ಸಿಟ್ಟು ಪ್ರಾರ್ಥನೆ ಮಾಡುತ್ತೇನೆ. ಒಂದೇ ಕರಾರು. ರಿಸಲ್ಟಿನ ದಿನ ಸಂಜೆಯೂ ಮಗುವನ್ನು ಕರೆದುಕೊಂಡು ಬನ್ನಿ, ಎಷ್ಟೇ ಮಾರ್ಕ್ಸ್ ಬಂದಿರಲಿ. ಅಂಕಪಟ್ಟಿ ಮನೆಯಲ್ಲೇ ಇರಲಿ. ರೊಟ್ಟಿ ಮಾಡಿಟ್ಟಿರುತ್ತೇನೆ.