ಮೊದಲ ಬ್ಯಾಚಿನ ರೈಫಲ್

ಭಾನುವಾರ, 9 ಮಾರ್ಚ್ 2025

ಗೆಳೆಯನ ಹೊಸ ರೈಫಲನ್ನು ಮಧ್ಯಾಹ್ನವೆಲ್ಲ ಶೂಟಿಂಗ್ ರೇಂಜಿನ ಕೆಲಸದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತಿದ್ದೆ. .308 ವಿಂಚೆಸ್ಟರ್ ಕಾಡತೂಸಿನ ಬೋಲ್ಟ್ ರೈಫಲ್, ಅಂದರೆ ಕಾಡತೂಸನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟನ್ನು ಕೈಯಿಂದಲೇ ತೆರೆದು ಮುಚ್ಚುವಂಥದ್ದು. ಬೆರಳೆಣಿಕೆಯ ಜನ ಸೇರಿ ನಡೆಸುವ ಸಣ್ಣ ಕಾರ್ಖಾನೆಯ ಮಾಲು. ಈ ಮಾದರಿ ಮಾರಾಟಕ್ಕೆ ಬಂದು ಕೆಲವೇ ತಿಂಗಳಾಗಿವೆ. ಹೆಸರು ಬರೆಯುವುದಿಲ್ಲ, ಅವರ ಉತ್ತರ ಇನ್ನೂ ಬರಬೇಕಿದೆ. ನೋಡುವುದಕ್ಕಂತೂ ಚೆಲುವಾಗಿದೆ. ಮೇಲ್ಮೈಯಲ್ಲಿ ಒಂದು ಗೀರಿಲ್ಲ, ಹೆಗಲಿಗೊತ್ತುವ ಸ್ಟಾಕಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಗೆಳೆಯನ ದೂರು ಬೇರೆಯೇ ಇತ್ತು: "ಹೊಡೆದ ಮೇಲೆ ಬೋಲ್ಟ್ ಎತ್ತುವಾಗ ಬಿಗಿಯಾಗುತ್ತದೆ. ಖಾಲಿ ಹಿತ್ತಾಳೆ ಕೇಸಿನ ಬುಡದಲ್ಲಿ ಏನೋ ಉಂಗುರ ಕಾಣುತ್ತಿದೆ, ನೀನೇ ಒಮ್ಮೆ ನೋಡು."

ಸಣ್ಣಪುಟ್ಟವು ಮೊದಲು ಕಂಡವು. ದುರ್ಬೀನು ಕೂರಿಸುವ ನಾಲ್ಕು ತಿರುಪಿನ ರಂಧ್ರಗಳಲ್ಲಿ ಒಂದು ಸಾಲಿನಿಂದ ತುಸು ಪಕ್ಕಕ್ಕೆ ಸರಿದಿದೆ. ನಳಿಕೆಯ ಬಾಯಿಯಿಂದ ಹತ್ತಿಯ ತುದಿಯನ್ನು ಹೊರಕ್ಕೆ ಎಳೆದರೆ ಒಂದೇ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬರ್, ಅಂದರೆ ಲೋಹದ ಸಣ್ಣ ಮುಳ್ಳು, ಉಳಿದಿದೆ. ಗುಂಡು ಕಟ್ಟಕಡೆಗೆ ಮುಟ್ಟುವ ಜಾಗ ಅದು, ಅಲ್ಲಿನ ಒಂದು ಮುಳ್ಳು ಸಾಕು ಗುರಿ ಚದುರಲು. ಸೇಫ್ಟಿ ಹಾಕಿ, ಖಾಲಿ ರೈಫಲಿನ ಟ್ರಿಗರ್ ಒತ್ತಿ ಬಿಟ್ಟು, ಆಮೇಲೆ ಸೇಫ್ಟಿ ತೆಗೆದು ನೋಡಿದೆ. ಕಾಡತೂಸಿಗೆ ಬಡಿಯುವ ಫೈರಿಂಗ್ ಪಿನ್ ಜಾರಲಿಲ್ಲ. ಆ ಮಟ್ಟಿಗೆ ಸಮಾಧಾನ.

ಉಂಗುರದ ವಿಷಯಕ್ಕೆ ಬಂದರೆ, ಕೇಸಿನ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಮಸುಕಾದ ಹೊಳಪಿನ ಗೆರೆ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಸಿ ಗೋಡೆಯ ಗುಂಟ ಎಳೆದರೆ ಅದೇ ಎತ್ತರದಲ್ಲಿ ಸಣ್ಣ ತಗ್ಗು ಬೆರಳಿಗೆ ತಿಳಿಯುತ್ತದೆ. ಹಿತ್ತಾಳೆ ಅಲ್ಲಿ ಹಿಗ್ಗಿ ತೆಳುವಾಗಿದೆ. ಕಾಡತೂಸಿನ ಹಿಂದೆ ಇರಬೇಕಾದ್ದಕ್ಕಿಂತ ಹೆಚ್ಚು ಜಾಗವಿದ್ದಾಗ ಹೀಗಾಗುತ್ತದೆ. ಬಂದೂಕಿನವರು ಹೆಡ್‌ಸ್ಪೇಸ್ ಎನ್ನುವುದು ಇದನ್ನೇ. ಹೆಚ್ಚಾದರೆ ಕೇಸು ತುಂಡಾಗಿ, ಸುಡುವ ಅನಿಲ ಹಿಂದಕ್ಕೆ ನುಗ್ಗುತ್ತದೆ. ಅಲ್ಲಿರುವುದು ಹೊಡೆಯುವವನ ಮುಖ.

ಬೋಲ್ಟಿನಿಂದ ಫೈರಿಂಗ್ ಪಿನ್ನನ್ನೂ ಖಾಲಿ ಕೇಸನ್ನು ಚಿಮ್ಮಿಸುವ ಎಜೆಕ್ಟರನ್ನೂ ಬಿಚ್ಚಿ ತೆಗೆದು, ಹೆಡ್‌ಸ್ಪೇಸ್ ಅಳೆಯುವ ಉಕ್ಕಿನ ತುಂಡುಗಳಾದ ಗೇಜು ಹಾಕಿದೆ. ಸ್ಪ್ರಿಂಗ್ ಒಳಗಿದ್ದರೆ ಬೆರಳಿಗೆ ಸುಳ್ಳು ಹೇಳುತ್ತದೆ. ಗೋ ಗೇಜಿನ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಿತು, ಅದು ಸರಿಯೇ. ನೋ-ಗೋ ಗೇಜಿನ ಮೇಲೂ ಅಷ್ಟೇ ಸಲೀಸಾಗಿ ಮುಚ್ಚಿತು, ಅದು ಸರಿಯಲ್ಲ. ಬಳಕೆಯ ಕೊನೆಯ ಮಿತಿ ತೋರಿಸುವ ಫೀಲ್ಡ್ ಗೇಜಿನ ಮೇಲೆ ಮುಚ್ಚಲಿಲ್ಲ. ಸಾವಿರಾರು ಗುಂಡು ಹಾರಿಸಿ ಸವೆದ ಹಳೆಯ ರೈಫಲ್ ಹೀಗಿದ್ದರೆ ಕಣ್ಣಿಟ್ಟಿರೋಣ ಎನ್ನಬಹುದಿತ್ತು. ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ರೈಫಲಿಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

"ಇಷ್ಟು ದುಡ್ಡು ಕೊಟ್ಟ ಮೇಲೂ ಅಳತೆ ನೋಡದೆ ಕಳಿಸಿದ್ದಾರಾ?" ಎಂದು ಗೆಳೆಯ ಸಿಡುಕಿದ. ನೋಡದೆ ಕಳಿಸಿರಲಾರರು ಎಂದೇ ನನಗೆ ಅನ್ನಿಸಿತು. ಇಷ್ಟು ನೀಟಾಗಿ ಸ್ಟಾಕ್ ಕೂರಿಸುವವರು ಬೇಜವಾಬ್ದಾರಿಗಳಲ್ಲ. ತೊಡಕಿರುವುದು ಬೇರೆ ಕಡೆ, ಅದನ್ನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ.

ಈ ಕಾಡತೂಸಿನ ಗೋ ಗೇಜು 1.630 ಅಂಗುಲ, ನೋ-ಗೋ 1.634. ನಡುವಿನ ಅಂತರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಷ್ಟೇ. ಆ ಹತ್ತನೇ ಒಂದು ಭಾಗದೊಳಗೆ ರಿಸೀವರಿನ (ನಳಿಕೆಯನ್ನೂ ಬೋಲ್ಟನ್ನೂ ಹಿಡಿದಿಡುವ ಒಡಲು) ಮುಖ, ಬೋಲ್ಟಿನ ಲಗ್ (ಬೋಲ್ಟನ್ನು ಬೀಗದಂತೆ ಹಿಡಿಯುವ ಚಾಚು), ಬೋಲ್ಟಿನ ಮುಖ, ಚೇಂಬರಿನ (ಕಾಡತೂಸು ಕೂರುವ ಗೂಡು) ಆಳ ಎಲ್ಲವೂ ಬಂದು ಕೂರಬೇಕು. ದೊಡ್ಡ ಕಾರ್ಖಾನೆಯಲ್ಲಿ ಇವೆಲ್ಲ ಒಂದೇ ಸೂರಿನಡಿ ತಯಾರಾಗಬಹುದು. ಸಣ್ಣವರಿಗೆ ರಿಸೀವರ್ ಒಂದು ಕಡೆಯಿಂದ ಬರುತ್ತದೆ, ಬೋಲ್ಟ್ ಇನ್ನೊಂದು ಕಡೆಯಿಂದ, ನಳಿಕೆ ಮತ್ತೊಂದು ಕಡೆಯಿಂದ. ಈ ನಾಲ್ಕು ಅಳತೆಗಳಲ್ಲಿ ಪ್ರತಿಯೊಂದೂ 0.03 ಮಿಲಿಮೀಟರ್ ಮಾತ್ರ ತಪ್ಪಿದ್ದರೂ, ಎಲ್ಲವೂ ಒಂದೇ ದಿಕ್ಕಿಗೆ ತಪ್ಪಿದರೆ 0.12 ಆಯಿತು. ಒಂದೊಂದು ಬಿಡಿಭಾಗವೂ ನಕ್ಷೆಯ ಪ್ರಕಾರ ಪಾಸು, ಜೋಡಿಸಿದ ರೈಫಲ್ ಫೇಲು. ಯಾರನ್ನು ಬೈಯುವುದು?

ಇದಕ್ಕೆ ಮದ್ದು ಹಳೆಯದೇ: ಪ್ರತಿ ರಿಸೀವರಿಗೂ ಒಂದು ಬೋಲ್ಟನ್ನು ಆರಿಸಿ, ಗೇಜು ಹಾಕಿ, ನಳಿಕೆಯ ಭುಜವನ್ನು ಲೇತಿನಲ್ಲಿ ತುಸುತುಸುವೇ ತೆಗೆದು ಜೋಡಿ ಮಾಡುವುದು. ಪತ್ರಿಕೆಯವರ ಕೈಗೆ, ಪ್ರದರ್ಶನದ ಮೇಜಿಗೆ ಹೋಗುವ ಮೊದಲ ಮಾದರಿಗಳು ಹೀಗೆಯೇ ತಯಾರಾಗುತ್ತವೆ. ಮನೆಯ ಯಜಮಾನನಂಥ ಒಬ್ಬ ಫಿಟ್ಟರ್ ಕೂತು ತೀಡಿರುತ್ತಾನೆ. ಎಲ್ಲರೂ ಹೊಗಳುತ್ತಾರೆ, ಆರ್ಡರ್ ಬರುತ್ತದೆ. ಆಮೇಲೆ ಅದೇ ಕೆಲಸ ನಿನ್ನೆ ಮೊನ್ನೆ ಸೇರಿದ ಹುಡುಗರ ಕೈಗೆ ಬೀಳುತ್ತದೆ. ಹಾಗಾಗಿ ಹೊಸ ಮಾದರಿಯ ವಿಮರ್ಶೆ ಓದುವಾಗ ನನಗೆ ಮೊದಲು ಹುಟ್ಟುವ ಪ್ರಶ್ನೆ: ಅವರು ಹೊಡೆದು ನೋಡಿದ್ದು ಯಾರು ತೀಡಿದ ರೈಫಲ್?

"ಹತ್ತಿಪ್ಪತ್ತು ತೆಗೆದು ಪರೀಕ್ಷಿಸಬಹುದಲ್ಲ?" ಎಂದ. ಮಾಡುತ್ತಾರೆ. ಆದರೆ 200 ರೈಫಲುಗಳ ಬ್ಯಾಚಿನಲ್ಲಿ 4 ಕೆಟ್ಟಿವೆ ಎಂದುಕೊಂಡು ಲೆಕ್ಕ ಹಾಕಿ. 10 ತೆಗೆದು ನೋಡಿದರೆ, ಆ ನಾಲ್ಕರಲ್ಲಿ ಒಂದೂ ಕೈಗೆ ಸಿಗದೆ ಹೋಗುವ ಸಾಧ್ಯತೆ ಶೇಕಡಾ 80ಕ್ಕೂ ಹೆಚ್ಚು. ಲಕ್ಷಗಟ್ಟಲೆ ತಯಾರಿಸುವವರಿಗೆ ಮಾದರಿ ಪರೀಕ್ಷೆ ದಾರಿ ತೋರಿಸುತ್ತದೆ, ಇವರಿಗೆ ಅದು ಬರಿ ಸಮಾಧಾನ. ಇವರು ಎಲ್ಲವನ್ನೂ ನೋಡಲೇಬೇಕು. ಪ್ರೂಫ್ ಪರೀಕ್ಷೆ ಕಡ್ಡಾಯವಿರುವ ಕಡೆಗಳಲ್ಲಿ ಪ್ರತಿ ರೈಫಲಿಗೂ ಗರಿಷ್ಠ ಒತ್ತಡಕ್ಕಿಂತ ಶೇಕಡಾ 25 ಹೆಚ್ಚು ಒತ್ತಡದ ಕಾಡತೂಸು ಹಾರಿಸುತ್ತಾರೆ, ನಿಜ. ಅದರಿಂದ ತಿಳಿಯುವುದು ರೈಫಲ್ ಒಡೆಯುವುದಿಲ್ಲ ಎಂದು. ಮ್ಯಾಗಜಿನ್ನಿನ ಮೂರನೇ ಕಾಡತೂಸು ಸಿಕ್ಕಿಕೊಳ್ಳುತ್ತದೆಯೇ, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಹದ ತಪ್ಪಿದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ದೊಡ್ಡವರೆಲ್ಲ ಸಾಚಾ ಎಂದೇನೂ ನಾನು ಹೇಳುತ್ತಿಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯಲ್ಲಿ 1903ರ ಮಾದರಿಯ ರೈಫಲಿಗೆ ಉಕ್ಕು ಕಾಯಿಸುವಾಗ ಅದರ ಬಣ್ಣವನ್ನು ಕಣ್ಣಳತೆಯಲ್ಲಿ ನೋಡಿ ಶಾಖ ಅಂದಾಜು ಮಾಡುತ್ತಿದ್ದರು. 1917ರಲ್ಲಿ ರಿಸೀವರುಗಳು ಒಡೆದಾಗ ತನಿಖೆ ನಡೆಯಿತು. ಬಿಸಿಲಿನ ದಿನಕ್ಕೂ ಮೋಡದ ದಿನಕ್ಕೂ ಅದೇ ಕೆಲಸಗಾರರ ಅಂದಾಜು 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ವ್ಯತ್ಯಾಸವಾಗುತ್ತಿತ್ತು ಎಂದು ಗೊತ್ತಾಯಿತು. 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ಆ ಕಾರ್ಖಾನೆಯ ರೈಫಲುಗಳನ್ನು ಇಂದಿಗೂ ಬಲ್ಲವರು ಹೊಡೆಯಲು ಹಿಂಜರಿಯುತ್ತಾರೆ. 2014ರಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲುಗಳನ್ನು ವಾಪಸು ಕರೆಸಿಕೊಂಡದ್ದು ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಜೋಡಿಸುವಾಗ ಅಂಟು ಹೆಚ್ಚಾಗಿ ಬಿದ್ದಿತ್ತೆಂದು. ಟ್ರಿಗರ್ ಮುಟ್ಟದೆ ಗುಂಡು ಹಾರುವ ಅಪಾಯವಿತ್ತು. ವಾಪಸಾತಿ 2006ರ ಮೇ ತಿಂಗಳಿಂದ ತಯಾರಾದವುಗಳಿಗೆ ಅನ್ವಯಿಸಿತು. ಎಂಟು ವರ್ಷದ ಅಂಟು! ಆದರೂ ಅವರು ತಾರೀಖು ಹಿಡಿದು ಇಂತಲ್ಲಿಂದ ಇಂತಲ್ಲಿಯವರೆಗೆ ಎಂದು ಹೇಳಬಲ್ಲವರಾದರು, ಲೆಕ್ಕ ಬರೆದಿಟ್ಟಿದ್ದರು. ಇನ್ನು ಕರಾರುವಾಕ್ಕಾದ ಅಳತೆಗೆ ಕಾರ್ಖಾನೆಗಳೆಲ್ಲ ನಂಬುವ ಗೇಜ್ ಬ್ಲಾಕುಗಳು, ಅಂದರೆ ಒಂದರ ಮೇಲೊಂದು ಜೋಡಿಸಿ ಅಳತೆ ಕಟ್ಟುವ ತುಂಡುಗಳು, ಹುಟ್ಟಿದ್ದೂ ಬಂದೂಕಿನ ನಂಟಿನಿಂದಲೇ. 1896ರ ಸುಮಾರಿಗೆ ಅವುಗಳನ್ನು ಯೋಚಿಸಿದ ಸ್ವೀಡನ್ನಿನ ಯೋಹಾನ್ಸನ್ ರೈಫಲ್ ಕಾರ್ಖಾನೆಯ ತಪಾಸಣೆಗಾರ. 102 ತುಂಡುಗಳಿಂದ 20,000 ಅಳತೆ ಕಟ್ಟಬಹುದಾದ ಆ ಪೆಟ್ಟಿಗೆಯ ಬಗ್ಗೆ ಇನ್ನೊಂದು ದಿನ ಬರೆಯಬೇಕು.

ಸಂಜೆ ಮತ್ತೆ ಜೋಡಿಸುವ ಮೊದಲು ಬೋಲ್ಟಿನ ಎರಡು ಲಗ್‌ಗಳಿಗೂ ನೀಲಿ ಬಣ್ಣ ಸವರಿ, ಮುಚ್ಚಿ, ತೆರೆದು ನೋಡಿದೆ. ಒಂದು ಲಗ್‌ನಲ್ಲಿ ಬಣ್ಣ ಉಜ್ಜಿಹೋಗಿತ್ತು, ಇನ್ನೊಂದರಲ್ಲಿ ಹಚ್ಚಿದ ಹಾಗೇ ಇತ್ತು. ಹೊಡೆತದ ಭಾರವೆಲ್ಲ ಒಂದೇ ಹೆಗಲಿಗೆ ಬೀಳುತ್ತಿದೆ. ಬಣ್ಣ ಒರೆಸುವಾಗ ಬೋಲ್ಟಿನ ಹಿಡಿಯ ಬುಡದ ಒಳಮಗ್ಗುಲಲ್ಲಿ ವಿದ್ಯುತ್ ಲೇಖನಿಯಿಂದ ಗೀಚಿದ ಎರಡು ಅಂಕಿ ಕಂಡವು: 63. ರಿಸೀವರಿನ ಅಡಿಯಲ್ಲಿ, ಸ್ಟಾಕಿನೊಳಗೆ ಮುಚ್ಚಿಹೋಗುವ ಕಡೆ, ಅದೇ ಕೈಬರಹದಲ್ಲಿ 58.

ಅಲ್ಲಿಗೆ ವಿಷಯ ಬಹುಮಟ್ಟಿಗೆ ತಿಳಿಯಾಯಿತು. ಫಿಟ್ಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಾನೆ, ಜೋಡಿ ಮಾಡಿ ಎರಡಕ್ಕೂ ಒಂದೇ ಅಂಕಿಯ ಗುರುತೂ ಹಾಕಿದ್ದಾನೆ. ಆಮೇಲೆ ಬಣ್ಣದ ಲೇಪಕ್ಕೆಂದು ಬಿಚ್ಚಿ ಎಲ್ಲವನ್ನೂ ಒಟ್ಟಿಗೆ ಕಳಿಸಿರಬೇಕು. ವಾಪಸು ಬಂದಾಗ ಅಂಕಿ ನೋಡದೆ ಯಾರೋ ಕೈಗೆ ಸಿಕ್ಕಿದ್ದನ್ನು ತೂರಿಸಿದ್ದಾರೆ. ಕೊನೆಯಲ್ಲಿ ಮತ್ತೊಮ್ಮೆ ಗೇಜು ಹಾಕಿದ್ದರೆ ಐದು ನಿಮಿಷದ ಕೆಲಸವಿತ್ತು. ಗೇಜು ಹಾಕುವ ಹಂತವನ್ನು ಲೇಪಕ್ಕೆ ಮೊದಲು ಇಟ್ಟುಕೊಂಡವರಿಗೆ ಇದು ಎಂದೂ ಸಿಗುವುದಿಲ್ಲ.

ಗೆಳೆಯನಿಗೆ ರೈಫಲ್ ಮುಟ್ಟಬೇಡ ಎಂದು ಹೇಳಿ, ಗೇಜಿನ ಮೇಲೆ ಮುಚ್ಚಿದ ಬೋಲ್ಟಿನ ಚಿತ್ರ, ಕೇಸಿನ ಉಂಗುರದ ಚಿತ್ರ, ಎರಡು ಅಂಕಿಗಳ ಚಿತ್ರ ಸೇರಿಸಿ ಕಾರ್ಖಾನೆಗೆ ಬರೆದಿದ್ದೇವೆ. ಅವನು ಹಣ ವಾಪಸು ಕೇಳುವ ವಾಕ್ಯದಿಂದ ಶುರು ಮಾಡಿದ್ದ, ಅದನ್ನು ಕೆಳಕ್ಕೆ ಇಳಿಸಿದೆ. ಈಗ ಮೊದಲ ಸಾಲು ಹೀಗಿದೆ: 63ನೆಯ ರಿಸೀವರ್ ಯಾರ ಬಳಿ ಹೋಗಿದೆಯೋ ಅವರಿಗೆ ಇಂದೇ ಫೋನ್ ಮಾಡಿ, ಹೊಡೆಯುವುದನ್ನು ನಿಲ್ಲಿಸಲು ಹೇಳಿ.